ಚಾರಣದ ಚೀಲಕ್ಕೆ ಹಗುರವಾದ ನಾನ್‌ಸ್ಟಿಕ್ ಪ್ಯಾನ್: ಆರಿಸುವುದು ಹೇಗೆ?

ಮಳೆಗಾಲ ಕಳೆಯುತ್ತಿದ್ದಂತೆ ಮೈಸೂರು, ಮಂಡ್ಯ ಕಡೆಯ ಚಾರಣಿಗರು ಬೆನ್ನುಚೀಲಗಳನ್ನು ಹೊರತೆಗೆಯುತ್ತಾರೆ. ಅವರಲ್ಲಿ ಹಲವರು ಈಗ ಹಿಮಾಲಯದ ದಾರಿಗಳಲ್ಲಿ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಾ ನಾಲ್ಕೈದು ದಿನ ನಡೆಯುವ ಯೋಜನೆ ಹಾಕುತ್ತಾರೆ. ಆಗ ಸಣ್ಣ ಗ್ಯಾಸ್ ಒಲೆ, ಒಂದು ಪಾತ್ರೆ, ಒಂದು ಚಮಚದ ಜೊತೆಗೆ ದೋಸೆಗೋ ಮೊಟ್ಟೆಗೋ ಹಗುರವಾದ ನಾನ್‌ಸ್ಟಿಕ್ ಪ್ಯಾನ್ ಒಂದನ್ನು ಒಯ್ಯಬೇಕೇ, ಒಯ್ಯುವುದಾದರೆ ಯಾವುದನ್ನು ಎಂಬ ಪ್ರಶ್ನೆ ಏಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಅನುಮಾನವೂ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ನಾನ್‌ಸ್ಟಿಕ್ ಪಾತ್ರೆಗಳನ್ನು 170 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಬಾರದು ಎಂಬ ಎಚ್ಚರಿಕೆ ಬಂದ ಮೇಲೆ, ಈ ಪಾತ್ರೆಗಳು ಸುರಕ್ಷಿತವೇ ಎಂದು ಮನೆಮನೆಗಳಲ್ಲಿ ಕೇಳಲಾಗುತ್ತಿದೆ. ಉರಿಯನ್ನು ಹದದಲ್ಲಿಡುವುದು ಕಷ್ಟವಾದ ಬೆಟ್ಟದ ಒಲೆಯ ಮೇಲೆ ಈ ಎಚ್ಚರಿಕೆಯ ತೂಕ ಇನ್ನೂ ಹೆಚ್ಚು.

ಇಲ್ಲಿ ಪ್ಯಾನ್ ಎನ್ನುವುದು ಚಪ್ಪಟೆ ತಳವೂ ಮೂರು ನಾಲ್ಕು ಸೆಂಟಿಮೀಟರ್ ಎತ್ತರದ ಅಂಚೂ ಇರುವ, ಅಂಗಡಿಗಳಲ್ಲಿ ಫ್ರೈ ಪ್ಯಾನ್ ಎಂದು ಮಾರುವ ಪಾತ್ರೆಗೆ. ಅಂಚಿಲ್ಲದ ದೋಸೆ ತವ ಚಾರಣಕ್ಕೆ ಅಷ್ಟು ಒದಗುವುದಿಲ್ಲ, ಏಕೆಂದರೆ ಒಂದೇ ಪಾತ್ರೆಯಲ್ಲಿ ಬೆಳಿಗ್ಗೆ ರೊಟ್ಟಿ ಬೇಯಿಸಿ ಸಂಜೆ ಉಪ್ಪಿಟ್ಟು ಕೆದಕಬೇಕಾಗುತ್ತದೆ.

ಕುದಿಸುವ ಅಡುಗೆಯೋ, ಕಾಯಿಸುವ ಅಡುಗೆಯೋ

ಚಾರಣದ ಅಡುಗೆ ಎರಡು ಬಗೆಯದು. ನೂಡಲ್ಸ್, ಗಂಜಿ, ಚಹಾ ಮೊದಲಾದವು ಕುದಿಯುವ ನೀರಿನಲ್ಲಿ ಆಗುವಂಥವು. ಇವುಗಳಿಗೆ ಪ್ಯಾನ್ ಬೇಡ. ಎತ್ತರದ ಗೋಡೆಯ, ಮುಚ್ಚಳವಿರುವ ಪಾತ್ರೆ ಸಾಕು. ಅಕ್ಕಿ ರೊಟ್ಟಿ, ಚಪಾತಿ, ದೋಸೆ, ಆಮ್ಲೆಟ್ ಮೊದಲಾದವು ಬಿಸಿ ಲೋಹಕ್ಕೆ ನೇರವಾಗಿ ತಾಗಿ ಬೇಯುವಂಥವು. ಪ್ಯಾನ್ ಬೇಕಾಗುವುದು ಇವುಗಳಿಗೆ ಮಾತ್ರ.

ಎತ್ತರದ ಪ್ರದೇಶಗಳಲ್ಲಿ ಈ ಎರಡನೆಯ ಬಗೆಗೆ ಒಂದು ನಿಜವಾದ ಅನುಕೂಲವಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿದರೆ, 3500 ಮೀಟರ್ ಎತ್ತರದಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಒಲೆಯನ್ನು ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲವಾದ್ದರಿಂದ ಅಕ್ಕಿ, ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಗ್ಯಾಸ್ ಕೂಡ ಅಷ್ಟೇ ಖರ್ಚಾಗುತ್ತದೆ. ಪ್ಯಾನಿನ ಲೋಹಕ್ಕಾದರೋ ಈ ಮಿತಿ ಇಲ್ಲ. ಊರಿನಲ್ಲಿ ರೊಟ್ಟಿ ಬೇಯಲು ಎಷ್ಟು ಬಿಸಿ ಬೇಕೋ ಅಷ್ಟು ಬಿಸಿಯನ್ನು ಅಲ್ಲಿಯೂ ಪಡೆಯಬಹುದು. ಆದ್ದರಿಂದ ಬೆಟ್ಟದಲ್ಲಿ ಪ್ಯಾನ್ ಕೇವಲ ನಾಲಿಗೆಯ ಚಪಲಕ್ಕೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಒಂದು ರಾತ್ರಿಯ ಚಾರಣವಾದರೆ ಮನೆಯಿಂದಲೇ ಚಪಾತಿ, ಹುಣಸೆ ಗೊಜ್ಜು ಕಟ್ಟಿಕೊಂಡು ಹೋಗಿ, ಪ್ಯಾನನ್ನು ಮನೆಯಲ್ಲೇ ಬಿಡುವುದು ಉತ್ತಮ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ನಮ್ಮ ಸುತ್ತಲಿನ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದಂತಹ ರಕ್ಷಿತ ಅರಣ್ಯಗಳು ಒಲೆ ಹೊತ್ತಿಸುವ ಜಾಗಗಳಲ್ಲ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಬೇಸಿಗೆಯಲ್ಲಿ ಒಂದು ಕಿಡಿ ಏನು ಮಾಡಬಲ್ಲದೆಂಬುದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ಅಡುಗೆಗೆ ಅನುಮತಿಯಿರುವ ಶಿಬಿರತಾಣಗಳಿಗೆ ಮಾತ್ರ ಈ ಲೇಖನದ ವಿಷಯ ಅನ್ವಯಿಸುತ್ತದೆ.

ಲೋಹ: ತೂಕ ಒಂದೇ ಲೆಕ್ಕವಲ್ಲ

ಹಗುರವಾದ ಪ್ಯಾನ್ ಎಂದಾಗ ಮೊದಲು ಕಣ್ಣಿಗೆ ಬೀಳುವುದು ತೂಕದ ಅಂಕಿ. ಆದರೆ ಹಗುರತನವನ್ನು ಎರಡು ದಾರಿಗಳಲ್ಲಿ ಸಾಧಿಸಲಾಗುತ್ತದೆ: ಸಾಂದ್ರತೆ ಕಡಿಮೆ ಇರುವ ಲೋಹವನ್ನು ಬಳಸುವುದು ಒಂದು, ಲೋಹವನ್ನು ತೆಳ್ಳಗೆ ಮಾಡುವುದು ಇನ್ನೊಂದು. ಈ ಎರಡನೆಯ ದಾರಿಯಲ್ಲಿಯೇ ತೊಡಕಿದೆ.

ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ, ಟೈಟೇನಿಯಂ 4.5 ಗ್ರಾಂ, ಎರಕದ ಕಬ್ಬಿಣ ಸುಮಾರು 7.2 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 7.9 ಗ್ರಾಂ ತೂಗುತ್ತವೆ. ಹಾಗಿದ್ದರೆ ಅಲ್ಯೂಮಿನಿಯಂಗಿಂತ ಭಾರವಾದ ಟೈಟೇನಿಯಂ ಹಗುರವೆಂದು ಹೆಸರು ಪಡೆದಿರುವುದು ಹೇಗೆ? ಅದು ಬಹಳ ಗಟ್ಟಿ ಲೋಹವಾದ್ದರಿಂದ ಅರ್ಧ ಮಿಲಿಮೀಟರಿನಷ್ಟು ತೆಳ್ಳಗೆ ಮಾಡಿದರೂ ನೆಗ್ಗದೆ ನಿಲ್ಲುತ್ತದೆ. ತಳದ ಅಗಲ 20 ಸೆಂಟಿಮೀಟರ್, ಅಂಚಿನ ಎತ್ತರ 4 ಸೆಂಟಿಮೀಟರ್ ಇರುವ ಪ್ಯಾನನ್ನು ಲೆಕ್ಕ ಹಾಕಿದರೆ, ಹಿಡಿಯನ್ನು ಬಿಟ್ಟು, ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸುಮಾರು 230 ಗ್ರಾಂ ತೂಗುತ್ತದೆ. ಅರ್ಧ ಮಿಲಿಮೀಟರಿನ ಟೈಟೇನಿಯಂ 130 ಗ್ರಾಂ ಒಳಗೇ ಮುಗಿಯುತ್ತದೆ. ಅಷ್ಟೇ ತೆಳ್ಳಗಿನ ಸ್ಟೀಲ್ 220 ಗ್ರಾಂ ಮೀರುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ ಎರಕದ ಕಬ್ಬಿಣದ್ದಾದರೆ ಒಂದೂವರೆ ಕಿಲೋ ದಾಟುತ್ತದೆ. ಪಳಗಿದ ಕಬ್ಬಿಣದ ಹೆಂಚಿನಷ್ಟು ಚೆನ್ನಾಗಿ ದೋಸೆ ಬೇರೆ ಯಾವುದರ ಮೇಲೂ ಆಗುವುದಿಲ್ಲವೆಂಬುದು ನಿಜವಾದರೂ ಅದನ್ನು ಬೆನ್ನ ಮೇಲೆ ಹೊರುವ ಮಾತಿಲ್ಲ.

ಈಗ ಶಾಖದ ಕಡೆಗೆ ಬರೋಣ. ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಲೋಹದ ಗುಣಕ್ಕೆ ಶಾಖವಾಹಕತೆ ಎಂದು ಹೆಸರು. ಮೀಟರಿಗೆ, ಡಿಗ್ರಿಗೆ ಇಷ್ಟು ವಾಟ್ ಎಂಬ ಮಾನದಲ್ಲಿ ಶುದ್ಧ ಅಲ್ಯೂಮಿನಿಯಮ್ಮಿನ ವಾಹಕತೆ ಸುಮಾರು 235, ಎರಕದ ಕಬ್ಬಿಣದ್ದು 50ರ ಆಸುಪಾಸು, ಟೈಟೇನಿಯಮ್ಮಿನದು ಸುಮಾರು 20, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 15. ಇದರ ಜೊತೆಗೆ ದಪ್ಪವನ್ನೂ ಸೇರಿಸಿ ನೋಡಬೇಕು, ಏಕೆಂದರೆ ಶಾಖವು ಅಕ್ಕಪಕ್ಕಕ್ಕೆ ಹರಿಯುವುದು ಲೋಹದ ದಪ್ಪದೊಳಗಿನಿಂದಲೇ. ಎರಡನ್ನೂ ಗುಣಿಸಿದಾಗ, ಒಂದೂವರೆ ಮಿಲಿಮೀಟರಿನ ಅಲ್ಯೂಮಿನಿಯಂ ತಳವು ಅರ್ಧ ಮಿಲಿಮೀಟರಿನ ಟೈಟೇನಿಯಂ ತಳಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಹರಡಬಲ್ಲದು.

ಚಾರಣದ ಒಲೆಯ ವಿಷಯದಲ್ಲಿ ಈ ವ್ಯತ್ಯಾಸ ನಿರ್ಣಾಯಕ. ಮನೆಯ ಗ್ಯಾಸ್ ಒಲೆಯ ಬರ್ನರ್ ಅಗಲವಾಗಿದ್ದು ಜ್ವಾಲೆ ಉಂಗುರದಂತೆ ಹರಡಿರುತ್ತದೆ. ಗ್ಯಾಸ್ ಡಬ್ಬಿಯ ಮೇಲೆ ಕೂರುವ ಸಣ್ಣ ಒಲೆಗಳಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ಅಗಲದ ಒಂದೇ ಕಡೆಯಿಂದ ಉರಿ ಚಿಮ್ಮುತ್ತದೆ. ಮಂಡ್ಯದ ರೈತರಿಗೆ ಗೊತ್ತಿರುವಂತೆ, ಮಟ್ಟ ಮಾಡಿದ ಗದ್ದೆಗೆ ಒಂದು ಮೂಲೆಯಿಂದ ನಾಲೆಯ ನೀರು ಬಿಟ್ಟರೂ ಅದು ನಾಲ್ಕೂ ಬದಿಗೆ ಹರಡುತ್ತದೆ, ಮಟ್ಟವಿಲ್ಲದ ಗದ್ದೆಯಲ್ಲಿ ಬಿಟ್ಟಲ್ಲೇ ಮಡುಗಟ್ಟುತ್ತದೆ. ಅಲ್ಯೂಮಿನಿಯಂ ತಳದಲ್ಲಿ ಶಾಖ ಮೊದಲನೆಯ ರೀತಿ ನಡೆದುಕೊಂಡರೆ, ತೆಳು ಟೈಟೇನಿಯಂ ಮತ್ತು ತೆಳು ಸ್ಟೀಲಿನಲ್ಲಿ ಎರಡನೆಯ ರೀತಿ ನಡೆದುಕೊಳ್ಳುತ್ತದೆ. ಫಲವಾಗಿ ನಡುವೆ ರೊಟ್ಟಿ ಸೀದು ಹೋಗಿರುತ್ತದೆ, ಅಂಚು ಹಸಿಯಾಗಿಯೇ ಉಳಿದಿರುತ್ತದೆ. ನೀರು ಕುದಿಸುವಾಗ ನೀರೇ ಸುತ್ತಾಡಿ ಶಾಖವನ್ನು ಹಂಚುವುದರಿಂದ ಟೈಟೇನಿಯಂ ಪಾತ್ರೆಗೆ ಈ ತೊಂದರೆಯಿಲ್ಲ. ಆದ್ದರಿಂದ ಕುದಿಸಲು ಟೈಟೇನಿಯಂ, ಕಾಯಿಸಲು ಅಲ್ಯೂಮಿನಿಯಂ ಎಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ನೂರು ಗ್ರಾಂ ಉಳಿಸಲು ಹೋಗಿ ದಿನವೂ ಸೀದ ರೊಟ್ಟಿ ತಿನ್ನುವುದರಲ್ಲಿ ಲಾಭವಿಲ್ಲ, ಅದೂ ಟೈಟೇನಿಯಂ ಪಾತ್ರೆಗೆ ಹಲವು ಪಟ್ಟು ಹಣ ಕೊಟ್ಟು.

ಹಾರ್ಡ್ ಆನೊಡೈಸ್ಡ್ ಎಂಬ ಮಾತು ಪ್ಯಾನಿನ ಡಬ್ಬಿಯ ಮೇಲೆ ಪದೇಪದೇ ಕಾಣುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ತಂಪಾದ ಆಮ್ಲದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ, ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ದಟ್ಟವಾದ ಪದರ ಬೆಳೆಯುತ್ತದೆ. ಮಾಣಿಕ್ಯ, ನೀಲಗಳೂ ಇದೇ ಆಕ್ಸೈಡಿನ ಹರಳುಗಳಾದ್ದರಿಂದ ಪದರದ ಗಡಸುತನವನ್ನು ಊಹಿಸಿಕೊಳ್ಳಬಹುದು. ಇದರಿಂದ ಮೃದು ಲೋಹವಾದ ಅಲ್ಯೂಮಿನಿಯಂ ಬೇಗ ಗೀಚಿಕೊಳ್ಳುವುದಿಲ್ಲ. ಹುಣಸೆ, ಟೊಮೆಟೊಗಳ ಹುಳಿ ಲೋಹವನ್ನು ಕರಗಿಸುವುದೂ ತಪ್ಪುತ್ತದೆ. ಆದರೆ ಈ ಪದರ ಅಂಟದಿರುವ ಲೇಪನವಲ್ಲ. ಆನೊಡೈಸ್ ಮಾತ್ರ ಆಗಿರುವ ಪ್ಯಾನಿನಲ್ಲಿ ಎಣ್ಣೆ ಕಡಿಮೆಯಾದರೆ ಮೊಟ್ಟೆ ಖಂಡಿತ ಅಂಟುತ್ತದೆ.

ಅಂಟದಿರುವ ಲೇಪನ ಕೆಲಸ ಮಾಡುವ ಬಗೆ

ಕಾದ ಲೋಹಕ್ಕೆ ಮೊಟ್ಟೆ ಅಂಟುವುದೇಕೆಂದರೆ ಅದರ ಪ್ರೋಟೀನುಗಳು ಬಿಸಿಗೆ ಬಿಚ್ಚಿಕೊಂಡು ಲೋಹದ ಮೇಲ್ಮೈಯೊಂದಿಗೆ ಬಂಧ ಬೆಸೆಯುತ್ತವೆ. ಈ ಬಂಧಕ್ಕೆ ಅವಕಾಶ ಕೊಡದ ವಸ್ತುವನ್ನು ನಡುವೆ ಇಟ್ಟರೆ ಅಂಟುವುದು ತಪ್ಪುತ್ತದೆ. ಟೆಫ್ಲಾನ್ ಎಂಬ ವ್ಯಾಪಾರನಾಮದಿಂದ ಪರಿಚಿತವಾದ ಪಾಲಿಟೆಟ್ರಾಫ್ಲೋರೋಎಥಿಲೀನ್ ಅಂಥ ವಸ್ತು. ಹೆಸರು ಉದ್ದವಾದ್ದರಿಂದ ಇದನ್ನು ಪಿಟಿಎಫ್‌ಇ ಎಂದು ಕರೆಯುತ್ತಾರೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಶೀತಕ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದ ರಾಯ್ ಪ್ಲಂಕೆಟ್ 1938ರಲ್ಲಿ ಇದನ್ನು ಆಕಸ್ಮಿಕವಾಗಿ ಕಂಡುಕೊಂಡರು. ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ 1950ರ ದಶಕದಲ್ಲಿ ಇದನ್ನು ಅಲ್ಯೂಮಿನಿಯಂ ಪ್ಯಾನಿನ ಮೇಲೆ ಹಿಡಿದು ನಿಲ್ಲುವಂತೆ ಮಾಡಿದರು. ಇದರ ಅಣುವಿನಲ್ಲಿ ಇಂಗಾಲದ ಉದ್ದನೆಯ ಸರಪಳಿಯನ್ನು ಫ್ಲೋರಿನ್ ಪರಮಾಣುಗಳು ಸುತ್ತಲೂ ಮುಚ್ಚಿರುತ್ತವೆ. ಇಂಗಾಲ ಮತ್ತು ಫ್ಲೋರಿನ್ನಿನ ಬಂಧ ಅತ್ಯಂತ ಬಲವಾದದ್ದು, ಮತ್ತು ಹೀಗೆ ಬಂಧಿತವಾದ ಫ್ಲೋರಿನ್ ಹೊರಗಿನ ಬೇರೆ ಯಾವುದರೊಂದಿಗೂ ಸುಲಭವಾಗಿ ಕೂಡಿಕೊಳ್ಳುವುದಿಲ್ಲ.

ಯಾವುದಕ್ಕೂ ಅಂಟದ ಈ ವಸ್ತು ಪ್ಯಾನಿಗೆ ಮಾತ್ರ ಅಂಟಿಕೊಂಡಿರಬೇಕಾದರೆ ಪ್ಯಾನಿನ ಮೈಯನ್ನು ಮೊದಲು ತರಿತರಿಯಾಗಿ ಮಾಡಿ, ಹಿಡಿತ ಕೊಡುವ ಒಂದು ತಳಪದರ ಬಳಿದು, ಅದರ ಮೇಲೆ ಲೇಪನವನ್ನು ಸಿಂಪಡಿಸಿ ಕುಲುಮೆಯಲ್ಲಿ ಕಾಯಿಸುತ್ತಾರೆ. ಎಲ್ಲ ಪದರಗಳೂ ಸೇರಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ದಪ್ಪ. ನಮ್ಮ ಲೆಕ್ಕದ ಪ್ಯಾನಿನಲ್ಲಿ ಲೇಪನದ ತೂಕ ಕೆಲವು ಗ್ರಾಂ ಮಾತ್ರ, ಆದ್ದರಿಂದ ನಾನ್‌ಸ್ಟಿಕ್ ಬೇಡವೆನ್ನಲು ತೂಕ ಕಾರಣವಾಗದು. ತದ್ವಿರುದ್ಧವಾಗಿ, ಎಣ್ಣೆ ಕಡಿಮೆ ಸಾಕಾಗುವುದರಿಂದಲೂ, ನೀರಿನ ಅಭಾವವಿರುವಲ್ಲಿ ಒರೆಸಿದರೇ ಪಾತ್ರೆ ಸ್ವಚ್ಛವಾಗುವುದರಿಂದಲೂ ಹೊರೆ ಇಳಿಯುತ್ತದೆ.

ಎಷ್ಟು ಬಿಸಿ ಅತಿಯಾಗುತ್ತದೆ

ಪಿಟಿಎಫ್‌ಇಯನ್ನು ನಿರಂತರವಾಗಿ ಬಳಸಬಹುದಾದ ಮೇಲ್ಮಿತಿ 260 ಡಿಗ್ರಿ ಸೆಲ್ಸಿಯಸ್ ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಸುಮಾರು 327 ಡಿಗ್ರಿಗೆ ಅದು ಕರಗುತ್ತದೆ. 350 ದಾಟಿದ ಮೇಲೆ ಗಮನಾರ್ಹವಾಗಿ ಒಡೆದು ಹೊಗೆ ಬಿಡುತ್ತದೆ. ಆ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಜ್ವರ, ಚಳಿ, ಕೆಮ್ಮು ಬರಬಹುದು, ಸಾಕಿದ ಹಕ್ಕಿಗಳು ಸಾಯುವುದೂ ಉಂಟು. ಪೋಷಣ ಸಂಸ್ಥೆ ಹೇಳುವ 170 ಡಿಗ್ರಿ ಈ ಮಿತಿಗಳಿಗಿಂತ ಬಹಳ ಕೆಳಗಿದೆ. ಮನೆಯಲ್ಲಿ ಯಾರೂ ತವದ ಬಿಸಿಯನ್ನು ಅಳೆದು ನೋಡುವುದಿಲ್ಲವಾದ್ದರಿಂದ ಇಷ್ಟು ಅಂತರ ಇಟ್ಟುಕೊಳ್ಳುವುದು ಒಳ್ಳೆಯದೇ.

ಆದರೆ ಚಾರಣದ ಒಲೆಯ ಮೇಲೆ 260 ಡಿಗ್ರಿ ತಲುಪಲು ಎಷ್ಟು ಹೊತ್ತು ಬೇಕು? ಈ ಸಣ್ಣ ಒಲೆಗಳು ಪೂರ್ತಿ ತೆರೆದಾಗ ಎರಡೂವರೆ ಕಿಲೋವಾಟ್ ಆಸುಪಾಸಿನ ಶಾಖ ಕೊಡುತ್ತವೆ. ಅದರಲ್ಲಿ ಅರ್ಧದಷ್ಟು ಪ್ಯಾನಿಗೆ ಸೇರುತ್ತದೆ ಎಂದಿಟ್ಟುಕೊಂಡರೆ, 230 ಗ್ರಾಂ ಅಲ್ಯೂಮಿನಿಯಂ ಖಾಲಿಯಾಗಿದ್ದಾಗ ಒಂದು ನಿಮಿಷದ ಒಳಗೇ ಆ ಮಿತಿಯನ್ನು ಮುಟ್ಟಬಲ್ಲದು. ಜ್ವಾಲೆಯ ನೇರ ಮೇಲಿನ ನಡುಭಾಗ ಇನ್ನೂ ಬೇಗ ಮುಟ್ಟುತ್ತದೆ. ಮನೆಯ ದಪ್ಪ ತವವನ್ನು ಒಲೆಯ ಮೇಲಿಟ್ಟು ಈರುಳ್ಳಿ ಹೆಚ್ಚಿಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ಹಗುರವಾದ ಪ್ಯಾನ್ ಆ ಪುರಸೊತ್ತು ಕೊಡುವುದಿಲ್ಲ. ಹಗುರತನಕ್ಕೆ ನಾವು ತೆರುವ ನಿಜವಾದ ಬೆಲೆ ಇದು, ಮತ್ತು ಪ್ಯಾನ್ ಕೊಳ್ಳುವವರಿಗೆ ಅಂಗಡಿಯಲ್ಲಿ ಯಾರೂ ಹೇಳದ ವಿಷಯವೂ ಇದೇ.

ಆದ್ದರಿಂದ ಎಲ್ಲವನ್ನೂ ಹೆಚ್ಚಿಟ್ಟುಕೊಂಡು, ಹಿಟ್ಟು ಕಲಸಿಟ್ಟುಕೊಂಡು, ಪ್ಯಾನಿಗೆ ಎಣ್ಣೆ ಹಾಕಿದ ಮೇಲೆಯೇ ಒಲೆ ಹೊತ್ತಿಸಬೇಕು, ಉರಿ ಸಣ್ಣದಾಗಿರಬೇಕು. ಎಣ್ಣೆ ಇಲ್ಲಿ ಉಷ್ಣಮಾಪಕದ ಕೆಲಸವನ್ನೂ ಮಾಡುತ್ತದೆ: ರಿಫೈನ್ಡ್ ಕಡಲೆಕಾಯಿ ಎಣ್ಣೆ ಸುಮಾರು 230 ಡಿಗ್ರಿಯಲ್ಲಿ, ತುಪ್ಪ ಸುಮಾರು 250 ಡಿಗ್ರಿಯಲ್ಲಿ ಹೊಗೆಯಾಡುತ್ತವೆ. ಹೊಗೆ ಕಂಡಿತೆಂದರೆ ಮಿತಿ ಹತ್ತಿರವಿದೆ ಎಂದೇ ತಿಳಿದು ಪ್ಯಾನನ್ನು ಕೂಡಲೇ ಮೇಲೆತ್ತಬೇಕು. ಒಲೆಯ ಮೇಲೆ ಪ್ಯಾನನ್ನು ಆಗಾಗ ಸರಿಸುತ್ತಾ ಸುತ್ತಿಸುತ್ತಿದ್ದರೆ ಶಾಖ ನಡುವೆಯೇ ನಿಲ್ಲುವುದಿಲ್ಲ. ಸೌದೆ ಒಲೆಯ ಮೇಲೆ ನಾನ್‌ಸ್ಟಿಕ್ ಪ್ಯಾನ್ ಇಡಲೇಬಾರದು, ಏಕೆಂದರೆ ಅಲ್ಲಿ ಉರಿಯನ್ನು ತಗ್ಗಿಸುವ ಉಪಾಯವಿಲ್ಲ. ಚಳಿಗೆ ಹೆದರಿ ಮುಚ್ಚಿದ ಟೆಂಟಿನೊಳಗೆ ಅಡುಗೆಗೆ ಕೂರುವುದಂತೂ ಪ್ರಾಣಾಪಾಯ. ಲೇಪನದ ಹೊಗೆಗಿಂತ ಮೊದಲು ಒಲೆಯ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಕೊಲ್ಲಬಲ್ಲದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಪಿಎಫ್‌ಒಎ ಇಲ್ಲ ಎಂಬ ಚೀಟಿ ಏನನ್ನು ಹೇಳುತ್ತದೆ

ಪಿಎಫ್‌ಒಎ ಎಂಬುದು ಲೇಪನವಲ್ಲ. ಲೇಪನದ ವಸ್ತುವನ್ನು ತಯಾರಿಸುವಾಗ ಹಿಂದೆ ಬಳಸುತ್ತಿದ್ದ ಸಹಾಯಕ ರಾಸಾಯನಿಕ. ಅದು ಪರಿಸರದಲ್ಲಿಯೂ ಮನುಷ್ಯರ ರಕ್ತದಲ್ಲಿಯೂ ಬಹುಕಾಲ ಉಳಿಯುತ್ತದೆ. ಹೀಗೆ ಬಹುಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ತಡೆಯಲೆಂದು ಇರುವ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು 2019ರಲ್ಲಿ ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2023ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಚೀಟಿಯಲ್ಲಿ ಪಿಎಫ್‌ಒಎ ಇಲ್ಲ ಎಂದಿದ್ದರೆ ಆ ರಾಸಾಯನಿಕವನ್ನು ಬಳಸಿಲ್ಲ ಎಂದು ಮಾತ್ರ ಅರ್ಥ. ಪಿಟಿಎಫ್‌ಇ ಇಲ್ಲ ಎಂದಲ್ಲ, ಎಷ್ಟು ಬೇಕಾದರೂ ಕಾಯಿಸಬಹುದು ಎಂದೂ ಅಲ್ಲ. ಲೇಪನದ ಚೂರು ಕಿತ್ತು ಹೊಟ್ಟೆಗೆ ಹೋದರೆ ಏನಾಗುವುದೆಂದು ಅನೇಕರು ಹೆದರುತ್ತಾರೆ. ಪಿಟಿಎಫ್‌ಇ ದೇಹದಲ್ಲಿ ಜೀರ್ಣವಾಗದೆ ಹಾಗೆಯೇ ಹೊರಹೋಗುವ ಜಡ ವಸ್ತುವಾದ್ದರಿಂದ ಅದಕ್ಕೆ ಗಾಬರಿಪಡುವ ಕಾರಣವಿಲ್ಲ, ಆದರೂ ಕಿತ್ತುಬರುತ್ತಿರುವ ಪ್ಯಾನನ್ನು ಬಳಸುತ್ತಲೇ ಇರುವುದು ಸರಿಯಲ್ಲ.

ಪಿಟಿಎಫ್‌ಇ ಬೇಡವೆನ್ನುವವರಿಗೆ ಸೆರಾಮಿಕ್ ಲೇಪನದ ಪ್ಯಾನುಗಳಿವೆ. ಇದು ಮಣ್ಣಿನ ಪಾತ್ರೆಯಲ್ಲ, ಅಲ್ಯೂಮಿನಿಯಮ್ಮಿನ ಮೇಲೆ ಸಿಲಿಕಾ ಆಧಾರಿತ ದ್ರಾವಣವನ್ನು ಬಳಿದು ಗಟ್ಟಿಯಾಗಿಸಿದ ಪದರ. ಅತಿ ಬಿಸಿಯನ್ನು ಪಿಟಿಎಫ್‌ಇಗಿಂತ ಚೆನ್ನಾಗಿ ತಡೆಯುತ್ತದೆ, ಆದರೆ ಅಂಟದಿರುವ ಗುಣವನ್ನು ಬೇಗ ಕಳೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಚಾರಣಕ್ಕೆ ಮಾತ್ರ ಹೊರತೆಗೆಯುವ ಪ್ಯಾನಿಗೆ ಈ ಕೊರತೆ ದೊಡ್ಡದಲ್ಲ, ಉರಿಯ ಮೇಲೆ ನಿಗಾ ಇಡುವ ತಾಳ್ಮೆ ಇಲ್ಲದವರಿಗೆ ಇದೇ ಮೇಲು.

ಅಗಲ ಮತ್ತು ಹಿಡಿ

ಒಬ್ಬರಿಗೆ ಅಥವಾ ಇಬ್ಬರಿಗೆ 18ರಿಂದ 20 ಸೆಂಟಿಮೀಟರ್ ಅಗಲದ ಪ್ಯಾನ್ ಸಾಕು. 24 ಸೆಂಟಿಮೀಟರಿನದು ಸಣ್ಣ ಒಲೆಯ ಮೂರು ಚಾಚುಗಳ ಮೇಲೆ ಭದ್ರವಾಗಿ ಕೂರುವುದಿಲ್ಲ. ಉದ್ದ ಹಿಡಿಯ ಭಾರಕ್ಕೆ ಒಂದು ಕಡೆಗೆ ವಾಲಿ, ಬೇಯುತ್ತಿರುವುದು ನೆಲದ ಪಾಲಾಗಬಹುದು. ಅಂಚು ಡಬ್ಬಿಯ ಮೇಲೆ ಬಹಳ ಚಾಚಿಕೊಂಡರೆ ಶಾಖ ಕೆಳಕ್ಕೆ ಪ್ರತಿಫಲಿಸಿ ಗ್ಯಾಸ್ ಡಬ್ಬಿ ಬಿಸಿಯಾಗುವ ಅಪಾಯವೂ ಇದೆ.

ಮಡಚುವ ಹಿಡಿ ಚೀಲದಲ್ಲಿ ಜಾಗ ಉಳಿಸುತ್ತದೆ, ಆದರೆ ಕೀಲು ಸಡಿಲವಿದ್ದರೆ ಪ್ಯಾನ್ ಮಗುಚಿಕೊಳ್ಳುತ್ತದೆ. ಕೊಳ್ಳುವಾಗಲೇ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಪ್ಯಾನಿನಲ್ಲಿಟ್ಟು ಎತ್ತಿ ನೋಡುವುದು ಒಳ್ಳೆಯದು. ಹಿಡಿಯೇ ಇಲ್ಲದ ಪ್ಯಾನಿಗೆ ಇಕ್ಕಳ ಬಳಸಬಹುದು. ಆಗ ಇಕ್ಕಳದ ಹಲ್ಲು ಅಂಚಿನ ಲೇಪನವನ್ನು ಕಚ್ಚುವುದರಿಂದ ಅಲ್ಲಿಂದಲೇ ಸಿಪ್ಪೆ ಏಳಲು ಆರಂಭವಾಗುತ್ತದೆ. ತುದಿಗೆ ಸಿಲಿಕೋನ್ ಹೊದಿಸಿದ ಇಕ್ಕಳವಾದರೆ ಈ ಹಾನಿ ತಪ್ಪುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಚಾರಣದ ಸಾಮಗ್ರಿಯೆಂದು ಹೆಸರಿಟ್ಟು ಮಾರುವ ಪ್ಯಾನುಗಳನ್ನೇ ಕೊಳ್ಳಬೇಕೆಂದಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಲಿನ ಪಾತ್ರೆ ಅಂಗಡಿಗಳಲ್ಲಾಗಲಿ ಮಂಡ್ಯದ ಪೇಟೆ ಬೀದಿಯಲ್ಲಾಗಲಿ ಸಣ್ಣ ಅಳತೆಯ ನಾನ್‌ಸ್ಟಿಕ್ ಪ್ಯಾನನ್ನು ಕೇಳಿ ನೋಡಬಹುದು. ಮನೆಬಳಕೆಯ ತವಗಳು ಹೆಚ್ಚಾಗಿ ಎರಡೂವರೆಯಿಂದ ನಾಲ್ಕು ಮಿಲಿಮೀಟರ್ ದಪ್ಪವಿರುತ್ತವೆ. 25 ಸೆಂಟಿಮೀಟರ್ ಅಗಲದ, ಮೂರು ಮಿಲಿಮೀಟರ್ ದಪ್ಪದ ಚಪ್ಪಟೆ ತವದ ಲೋಹವೇ 400 ಗ್ರಾಂ ತೂಗುತ್ತದೆ. ಆದ್ದರಿಂದ ದಪ್ಪ ತಳವೇ ಒಳ್ಳೆಯದೆಂಬ ಮನೆಯ ಅಳತೆಗೋಲನ್ನು ಇಲ್ಲಿ ಬಿಟ್ಟು, ಎರಡು ಮಿಲಿಮೀಟರ್ ಒಳಗಿನದನ್ನು ಹುಡುಕಬೇಕು. ಒಂದು ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಮಾತ್ರ ತಳ ಬೇಗ ಡೊಂಕಾಗುತ್ತದೆ. ಪಾತ್ರೆಗಳನ್ನು ತೂಕದ ಲೆಕ್ಕದಲ್ಲಿಯೂ ಮಾರುವ ಅಂಗಡಿಗಳಲ್ಲಿ ತಕ್ಕಡಿ ಇದ್ದೇ ಇರುವುದರಿಂದ ಪ್ಯಾನನ್ನು ಅಲ್ಲಿಯೇ ತೂಗಿಸಿ ನೋಡಬಹುದು, ಮತ್ತು ಹಿಡಿ, ಮುಚ್ಚಳ ಎಲ್ಲವನ್ನೂ ಸೇರಿಸಿಯೇ ತೂಗಿಸಬೇಕು. ಸ್ಕ್ರೂನಿಂದ ಕೂಡಿಸಿದ ಬೇಕಲೈಟ್ ಹಿಡಿಯಾದರೆ ಬಿಚ್ಚಿ ತೆಗೆದು, ಇಕ್ಕಳದೊಂದಿಗೆ ಬಳಸಿ ತೂಕ ಇಳಿಸಬಹುದು.

ಪ್ಯಾನನ್ನು ಬಸ್ಸು, ರೈಲು, ವಿಮಾನ ಯಾವುದರಲ್ಲಿಯೂ ಒಯ್ಯಬಹುದು. ಗ್ಯಾಸ್ ಡಬ್ಬಿಯನ್ನು ಮಾತ್ರ ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲವಾದ್ದರಿಂದ ಚಾರಣ ಆರಂಭವಾಗುವ ಊರಿನಲ್ಲೇ ಕೊಳ್ಳಬೇಕು.

ಚೀಲದಲ್ಲಿ ಮತ್ತು ತೊಳೆಯುವಾಗ

ಲೇಪನ ಹಾಳಾಗುವುದು ಒಲೆಯ ಮೇಲಿಗಿಂತ ಹೆಚ್ಚಾಗಿ ಚೀಲದೊಳಗೆ. ಪ್ಯಾನಿನೊಳಗೆ ಒಲೆಯನ್ನೋ ಸ್ಟೀಲ್ ಲೋಟವನ್ನೋ ತುರುಕಿ ದಿನವಿಡೀ ನಡೆದರೆ, ಹೆಜ್ಜೆಹೆಜ್ಜೆಗೂ ಲೋಹ ಲೇಪನವನ್ನು ಉಜ್ಜುತ್ತಿರುತ್ತದೆ. ಹೇಗೂ ಒಯ್ಯಬೇಕಾದ ಟವೆಲನ್ನೇ ಒಳಗೆ ಮಡಚಿಟ್ಟರೆ ಸಾಕು, ಬೇರೆ ಹೊದಿಕೆಯ ತೂಕ ಬೇಡ. ಮಗುಚುವ ಕೈ ಮರದ್ದಾಗಿರಲಿ. ಹಿಡಿಯನ್ನು ಗೇಣುದ್ದಕ್ಕೆ ಕತ್ತರಿಸಿಕೊಂಡರೆ ಅದೂ ಹಗುರ.

ನಮ್ಮ ಹಳ್ಳಿಗಳಲ್ಲಿ ಬೂದಿ, ತೆಂಗಿನ ನಾರಿನಿಂದ ಪಾತ್ರೆ ತಿಕ್ಕುವ ರೂಢಿ ಇನ್ನೂ ಇದೆ, ಚಾರಣದಲ್ಲಿಯೂ ಅನೇಕರು ಹೊಳೆಯ ಮರಳನ್ನು ಬಳಸುತ್ತಾರೆ. ಲೇಪನವಿರುವ ಪ್ಯಾನಿಗೆ ಇವೆಲ್ಲವೂ ನಿಷಿದ್ಧ. ಪ್ಯಾನ್ ಆರಿದ ಮೇಲೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ತೊಳೆದರೆ ಸಾಕಾಗುತ್ತದೆ. ಕಾದಿರುವಾಗಲೇ ತಣ್ಣೀರು ಸುರಿದರೆ ತೆಳು ತಳ ಥಟ್ಟನೆ ಕುಗ್ಗಿ ಉಬ್ಬಿಕೊಳ್ಳುತ್ತದೆ, ಮತ್ತೆ ಒಲೆಯ ಮೇಲೆ ಸಮನಾಗಿ ಕೂರುವುದಿಲ್ಲ. ತೊಳೆದ ನೀರನ್ನು ಹೊಳೆಗೆ ಬಿಡದೆ, ನೀರಿನಿಂದ ಅರವತ್ತು ಮೀಟರಿನಷ್ಟು ದೂರದಲ್ಲಿ ಮಣ್ಣಿನ ಮೇಲೆ ಚೆಲ್ಲಬೇಕು.

ಒಂದೆರಡು ಗೆರೆ ಬಿದ್ದ ಮಾತ್ರಕ್ಕೆ ಪ್ಯಾನನ್ನು ಎಸೆಯಬೇಕಾಗಿಲ್ಲ. ಲೇಪನ ಸಿಪ್ಪೆಯಂತೆ ಏಳುತ್ತಿದ್ದರೆ, ನಡುಭಾಗ ಕಂದಿ ಗುಳ್ಳೆ ಎದ್ದಿದ್ದರೆ, ಅಥವಾ ಎಣ್ಣೆ ಹಾಕಿದರೂ ಮೊಟ್ಟೆ ಅಡಿ ಹಿಡಿಯುತ್ತಿದ್ದರೆ, ಮುಂದಿನ ಚಾರಣಕ್ಕೆ ಮೊದಲು ಹೊಸದನ್ನು ಕೊಳ್ಳಬೇಕು.